ತಟ್ಟೆ ತೊಳೆಯುವ ಪಾತ್ರ

ಆಫೀಸಿನಲ್ಲಿ ಯಾರಾದರೂ ‘ನೀನು ನಾಟಕ ಮಾಡ್ತೀಯಂತೆ, ಯಾವ ಪಾತ್ರ?’ ಅಂತ ಕೇಳಿದರೆ ನನಗೆ ಉತ್ತರ ಹೇಳೋದು ಕಷ್ಟ. ರಾಜ ಅಲ್ಲ, ಮಂತ್ರಿ ಅಲ್ಲ, ಹೀರೋ ಅಂತೂ ಅಲ್ಲವೇ ಅಲ್ಲ. ‘ತಟ್ಟೆ ತೊಳೀತೀನಿ’ ಅಂತೀನಿ. ನಗ್ತಾರೆ. ಆದರೆ ಅದು ನಿಜ. ಕಳೆದ ವರ್ಷ ನಮ್ಮ ತಂಡ ಮಾಡಿದ ನಾಟಕದಲ್ಲಿ ನಾನು ಏಳು ನಿಮಿಷ ಒಂದೂ ಮಾತಾಡದೆ ಆರು ಪಿಂಗಾಣಿ ತಟ್ಟೆ ತೊಳೀತಿದ್ದೆ. ನೋಡೋಕೆ ಬಂದವರಲ್ಲಿ ಹೆಚ್ಚಿನವರು ಅದೊಂದು ದೃಶ್ಯವನ್ನೇ ನೆನಪಿಟ್ಟುಕೊಂಡು ಹೋಗ್ತಿದ್ದರು.

ಈ ಸಲದ ಅಂಕಣ ಆ ತಟ್ಟೆಗಳ ಬಗ್ಗೆ. ಅವು ನನ್ನವಲ್ಲ, ನಮ್ಮಕ್ಕನವು. ಅವಳನ್ನು ಕೇಳಿಯೇ ಇದನ್ನು ಬರೀತಿದ್ದೀನಿ. ಯಾಕೆ ಹಾಗೆ ಒತ್ತಿ ಹೇಳ್ತಿದ್ದೀನಿ ಅಂತ ಕೊನೆಗೆ ಗೊತ್ತಾಗುತ್ತೆ.

ಮೊದಲು ಇದು ಎಂಥ ನಾಟಕ ಅಂತ ಹೇಳಿಬಿಡ್ತೀನಿ. ನಾಟಕ ಅಂದ ಕೂಡಲೇ ನಮಗೆಲ್ಲ ರವೀಂದ್ರ ಕಲಾಕ್ಷೇತ್ರ ನೆನಪಾಗುತ್ತೆ. 1963ರ ಕಟ್ಟಡ, ದೊಡ್ಡ ವೇದಿಕೆ, ಪರದೆ, ಕೊನೆ ಸಾಲಿನವರಿಗೂ ಕೇಳಿಸುವ ಹಾಗೆ ಎತ್ತಿದ ದನಿ. ಸ್ವಲ್ಪ ಹೊಸಬರಿಗೆ ಜೆ.ಪಿ. ನಗರದ ರಂಗಶಂಕರ. ನಾವು ಮಾಡೋದು ಈ ಎರಡೂ ಕಡೆ ಅಲ್ಲ. ಒಂದು ಹಳೇ ಮನೆಯ ಮೊದಲ ಮಹಡಿ. ಉದ್ದ ಇಪ್ಪತ್ತೈದು ಅಡಿ ಇರಬಹುದು. ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆದು, ಗೋಡೆ ಸುತ್ತ ಮೂವತ್ತು ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಅದೇ ರಂಗಮಂದಿರ. ನಟರೂ ನೋಡುವವರೂ ಒಂದೇ ನೆಲದ ಮೇಲೆ.

ಲೆಕ್ಕಾನೂ ಕೇಳಿ. 30 ಟಿಕೆಟ್, ತಲಾ 200 ರೂಪಾಯಿ, ಹೌಸ್‌ಫುಲ್ ಆದರೆ 6,000. ಜಾಗದ ಬಾಡಿಗೆ 3,000, ಲೈಟಿನದ್ದು 1,200, ಟೀ ಬಿಸ್ಕತ್ತು 300. ಉಳಿದದ್ದನ್ನು ಆರು ಜನಕ್ಕೆ ಹಂಚಿದರೆ ತಲೆಗೆ 250. ಮಳೆ ಬಂದ ಒಂದು ರಾತ್ರಿ ನಾನು ಕ್ಯಾಬಿಗೆ 380 ಕೊಟ್ಟು ಮನೆಗೆ ಹೋಗಿದ್ದೆ. ಅಂದರೆ ಹೌಸ್‌ಫುಲ್ ಆದ ದಿನ ನನಗೆ 130 ರೂಪಾಯಿ ಲಾಸ್.

ಇಂಥ ನಾಟಕಕ್ಕೆ ಇಂಗ್ಲಿಷಿನವರು ‘ಫ್ರಿಂಜ್’ ಅಂತಾರೆ, ಅಂಚಿನದ್ದು ಅಂತ. 1947ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ದೊಡ್ಡ ಅಂತರರಾಷ್ಟ್ರೀಯ ಕಲಾ ಉತ್ಸವ ಶುರುವಾದಾಗ, ಕರೆಯದೇ ಇದ್ದ ಎಂಟು ತಂಡಗಳು ತಾವೇ ಹೋಗಿ, ಸಿಕ್ಕಿದ ಕಡೆ ನಾಟಕ ಮಾಡಿದ್ದವು. ಮರುವರ್ಷ ಒಬ್ಬ ಪತ್ರಕರ್ತ ಇಂಥವನ್ನು ಉತ್ಸವದ ‘ಅಂಚಿನಲ್ಲಿ’ ನಡೆಯುವ ನಾಟಕಗಳು ಅಂತ ಬರೆದ. ಹೆಸರು ನಿಂತುಬಿಟ್ಟಿತು. ಇವತ್ತು ಅಲ್ಲಿ ಅಂಚಿನದ್ದೇ ಮೂಲ ಉತ್ಸವಕ್ಕಿಂತ ಎಷ್ಟೋ ಪಾಲು ದೊಡ್ಡದು.

ಆದರೆ ನಮಗೆ ಇದನ್ನು ಕಲಿಯೋಕೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಕೋಲ್ಕತ್ತಾದಲ್ಲಿ ಬಾದಲ್ ಸರ್ಕಾರ್ ಇದ್ದರು. ಸಿವಿಲ್ ಎಂಜಿನಿಯರಿಂಗ್ ಓದಿ, ನಗರ ಯೋಜನೆಯ ಕೆಲಸ ಮಾಡಿಕೊಂಡಿದ್ದ ಮನುಷ್ಯ. ‘ಏವಂ ಇಂದ್ರಜಿತ್’ ಬರೆದು ಹೆಸರು ಮಾಡಿದ ಮೇಲೂ ಅವರಿಗೆ ವೇದಿಕೆ, ಪರದೆ, ಸೆಟ್ಟು, ದುಬಾರಿ ಲೈಟು ಇವೆಲ್ಲ ನಟನಿಗೂ ನೋಡುವವನಿಗೂ ಮಧ್ಯೆ ಗೋಡೆ ಅನ್ನಿಸಿತು. ಎಲ್ಲ ಬಿಟ್ಟು ಕೋಣೆಗೆ, ಬಯಲಿಗೆ, ಹಳ್ಳಿಗೆ ಬಂದರು. ಅದಕ್ಕೆ ‘ಮೂರನೇ ರಂಗಭೂಮಿ’ ಅಂತ ಹೆಸರಿಟ್ಟರು. ಹೊತ್ತುಕೊಂಡು ಹೋಗೋ ಹಾಗಿರಬೇಕು, ಯಾವ ಜಾಗಕ್ಕೂ ಹೊಂದಬೇಕು, ಖರ್ಚು ಕಮ್ಮಿ ಇರಬೇಕು. ಎಂಜಿನಿಯರ್ ಬರೆದ ರಿಕ್ವೈರ್‌ಮೆಂಟ್ ಅಂತ ನೋಡಿದ ಕೂಡಲೇ ಗೊತ್ತಾಗಲ್ವಾ? ಇಲ್ಲಿ ನಮ್ಮಲ್ಲೂ 1975ರಲ್ಲಿ ಶುರುವಾದ ಸಮುದಾಯ ತಂಡ ಬೀದಿಗೇ ಇಳಿದು ನಾಟಕ ಆಡಿತು. ನಾವು ಆರು ಜನ ಮಾಡ್ತಿರೋದು ಹೊಸದೇನಲ್ಲ. ಹೊಸದು ನಮಗೆ ಮಾತ್ರ.

ಹತ್ತಿರದಲ್ಲಿ ನಟಿಸೋದರ ಕಷ್ಟ ಬೇರೆ ಥರದ್ದು. ದನಿ ಎತ್ತಿದರೆ ಎದುರಿಗಿರೋರು ಕುರ್ಚಿಯಲ್ಲಿ ಹಿಂದಕ್ಕೆ ಸರಿಯುತ್ತಾರೆ. ಸುಳ್ಳು ಅಳು ಅತ್ತರೆ ಮೂರು ಅಡಿ ದೂರದಲ್ಲಿ ಕೂತವರಿಗೆ ಕಣ್ಣಲ್ಲಿ ನೀರಿಲ್ಲ ಅಂತ ಕಾಣಿಸುತ್ತೆ. ಯಾರದ್ದೋ ಹೊಟ್ಟೆ ಗುರ್ ಅಂದದ್ದೂ ಕೇಳಿಸುತ್ತೆ. ದೊಡ್ಡ ವೇದಿಕೆಯಲ್ಲಿ ಬೆಳಕು ಕಣ್ಣಿಗೆ ಹೊಡೆಯೋದರಿಂದ ಎದುರಿಗೆ ಬರೀ ಕತ್ತಲೆ, ಅದೊಂಥರಾ ಧೈರ್ಯ. ಇಲ್ಲಿ ಎಲ್ಲರ ಮುಖವೂ ಕಾಣಿಸುತ್ತೆ. ನೆನಪಿಟ್ಟುಕೊಳ್ಳಿ, ಈ ಮಾತು ಮುಂದೆ ಬರುತ್ತೆ.

ನಮ್ಮ ಕೈಯಲ್ಲಿ ಬರೆದ ನಾಟಕ ಇರಲಿಲ್ಲ. ತಾಲೀಮಿನಲ್ಲೇ ಕಟ್ಟೋದು ಅಂತ ತೀರ್ಮಾನ. ಹಗಲು ಶಾಲೆಯಲ್ಲಿ ಪಾಠ ಮಾಡಿ ಬರುವ ನಮ್ಮ ನಿರ್ದೇಶಕಿ ಒಂದು ರಾತ್ರಿ ಒಂದು ಅಭ್ಯಾಸ ಕೊಟ್ಟರು. ‘ನಿಮ್ಮ ಮನೇಲಿ ಯಾರೋ ಒಬ್ಬರು, ಯಾರೂ ನೋಡ್ತಿಲ್ಲ ಅಂದುಕೊಂಡು ಮಾಡಿದ ಒಂದು ಕೆಲಸ. ಮಾತಿಲ್ಲದೆ ಮಾಡಿ ತೋರಿಸಿ.’

ನನಗೆ ಯೋಚನೆ ಮಾಡಬೇಕಾಗಲೇ ಇಲ್ಲ. ಕೈ ತಾನೇ ಹೋಯಿತು.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಕ್ಕನಿಗೆ ಗಂಡು ನೋಡ್ತಿದ್ದರು. ಭಾನುವಾರ ಬಂದರೆ ಹೆಣ್ಣು ನೋಡುವ ಶಾಸ್ತ್ರ. ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಅವತ್ತು ಮಾತ್ರ ಶೋಕೇಸಿನಿಂದ ನೀಲಿ ಹೂವಿನ ಪಿಂಗಾಣಿ ತಟ್ಟೆ ಹೊರಗೆ ಬರ್ತಿದ್ದವು. ಬಂದವರು ತಿಂದು, ‘ಊರಿಗೆ ಹೋಗಿ ಹೇಳಿ ಕಳಿಸ್ತೀವಿ’ ಅಂತ ಹೋಗ್ತಿದ್ದರು. ಹೋದ ಮೇಲೆ ಅಕ್ಕ ರೇಷ್ಮೆ ಸೀರೆಯಲ್ಲೇ ಸಿಂಕಿನ ಮುಂದೆ ನಿಂತು ಆ ತಟ್ಟೆಗಳನ್ನು ಒಂದೊಂದಾಗಿ ತೊಳೆದು, ಒರೆಸಿ, ಎಣಿಸಿ, ಶೋಕೇಸಿಗೆ ಇಡ್ತಿದ್ದಳು. ಆಮೇಲೆ ಮುಡಿಯಿಂದ ಮಲ್ಲಿಗೆ ದಂಡೆ ತೆಗೀತಿದ್ದಳು. ಅದು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇರ್ತಿತ್ತು, ಬೆಳಿಗ್ಗೆ ದೇವರಿಗೆ. ಇದನ್ನೆಲ್ಲ ನಾನು ಅರ್ಧ ತೆಗೆದ ರೂಮಿನ ಬಾಗಿಲಿಂದ, ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ನೋಡ್ತಿದ್ದೆ.

ಇದನ್ನೇ ಮಾಡಿದೆ. ಮುಗಿದಾಗ ತಾಲೀಮಿನ ರೂಮಲ್ಲಿ ಯಾರೂ ಮಾತಾಡಲಿಲ್ಲ. ನಿರ್ದೇಶಕಿ, ‘ಇದು ಇರುತ್ತೆ’ ಅಂದರು. ಸತ್ಯ ಹೇಳ್ತೀನಿ, ನನಗೆ ಖುಷಿಯಾಯಿತು. ಎರಡು ವರ್ಷದಿಂದ ತಂಡದಲ್ಲಿದ್ದರೂ ಒಂದು ದೃಶ್ಯ ‘ನನ್ನದು’ ಅಂತ ಆಗಿದ್ದು ಅದೇ ಮೊದಲು.

ಮುಂದೆ ಅದಕ್ಕೆ ಮೆರುಗು ಕೊಟ್ಟೆವು. ಸ್ಟೀಲ್ ತಟ್ಟೆಯ ಸದ್ದು ಸರಿ ಬರ್ತಿರಲಿಲ್ಲ. ಊರಿಗೆ ಹೋದಾಗ ಅಮ್ಮನಿಗೆ ‘ಫ್ರೆಂಡ್ ಮನೇಲಿ ಫಂಕ್ಷನ್’ ಅಂತ ಸುಳ್ಳು ಹೇಳಿ ಶೋಕೇಸಿನ ತಟ್ಟೆಗಳನ್ನೇ ಪೇಪರಿನಲ್ಲಿ ಸುತ್ತಿ ತಂದೆ. ಒಂದರ ಅಂಚು ಚೂರು ಒಡೆದಿತ್ತು. ಆ ಒಡಕಿನ ಮೇಲೆ ಬೆರಳು ನಿಲ್ಲಿಸೋದು ದೃಶ್ಯಕ್ಕೆ ಚೆನ್ನಾಗಿದೆ ಅಂತ ಅದನ್ನೂ ಸೇರಿಸಿಕೊಂಡೆ. ಇಷ್ಟೆಲ್ಲ ತಂದವನಿಗೆ ಅಕ್ಕನಿಗೊಂದು ಫೋನ್ ಮಾಡಬೇಕು ಅಂತ ಮಾತ್ರ ತೋಚಲಿಲ್ಲ. ತೋಚಿತು ಅಂದರೇ ಸರಿ, ಮಾಡಲಿಲ್ಲ. ‘ಅವಳೇನು ಇದಕ್ಕೆಲ್ಲ ಬರ್ತಾಳಾ’ ಅಂದುಕೊಂಡೆ.

ನಾಲ್ಕನೇ ಪ್ರದರ್ಶನಕ್ಕೆ ಬಂದಳು. ಅಕ್ಕ ಇರೋದು ಮೈಸೂರಿನಲ್ಲಿ. ಇನ್‌ಸ್ಟಾಗ್ರಾಮಿನಲ್ಲಿ ಪೋಸ್ಟರ್ ನೋಡಿ, ನನಗೆ ಸರ್‌ಪ್ರೈಸ್ ಕೊಡೋಣ ಅಂತ ತಾನೇ ಟಿಕೆಟ್ ತಗೊಂಡು, ಬಸ್ಸಿಗೆ ಬಂದಿದ್ದಾಳೆ. ನಾನು ಬಕೆಟ್ಟು, ತಟ್ಟೆ ಹಿಡಿದು ಕೋಣೆಯೊಳಗೆ ಬಂದಾಗ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ನನ್ನಿಂದ ನಾಲ್ಕು ಅಡಿ. ನನ್ನ ನೋಡಿ ನಕ್ಕಳು.

ಆಗಲೇ ಹೇಳಿದೆನಲ್ಲ, ಇಲ್ಲಿ ಕತ್ತಲೆ ಇಲ್ಲ ಅಂತ.

ನಾಟಕ ನಿಲ್ಲಿಸೋಕಾಗಲ್ಲ. ಮೊದಲ ತಟ್ಟೆ ನೀರಿಗೆ ಇಳಿಸಿದೆ. ಅಕ್ಕ ನನ್ನ ನೋಡ್ತಿರಲಿಲ್ಲ, ತಟ್ಟೆ ನೋಡ್ತಿದ್ದಳು. ನೀಲಿ ಹೂವು. ಮೂರನೆಯದಕ್ಕೆ ಬರೋ ಹೊತ್ತಿಗೆ ಅವಳ ನಗು ಇರಲಿಲ್ಲ. ಅಂಚು ಒಡೆದ ತಟ್ಟೆ ಬಂದಾಗ ನನ್ನ ಬೆರಳು ಅಲ್ಲಿ ನಿಲ್ಲಲೇ ಇಲ್ಲ, ಜಾರಿಸಿಕೊಂಡು ಹೋದೆ. ಏಳು ನಿಮಿಷದ ದೃಶ್ಯ ಅವತ್ತು ನಾಲ್ಕು ನಿಮಿಷಕ್ಕೆ ಮುಗೀತು. ಉಳಿದವರು ಅವತ್ತೂ ಸುಮ್ಮನೆ, ಉಸಿರು ಬಿಗಿಹಿಡಿದು ಕೂತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ.

ಇದಕ್ಕಿಂತ ನಾಚಿಕೆಯಾಗೋದು ಆಮೇಲೆ ನಡೆದದ್ದು. ಇಂಥ ನಾಟಕ ಮುಗಿದ ಮೇಲೆ ನಟರು, ನೋಡುವವರು ಅಲ್ಲೇ ಕೂತು ಮಾತಾಡೋ ರೂಢಿ ಇದೆ. ಒಬ್ಬರು ಕೇಳಿದರು, ‘ತಟ್ಟೆ ತೊಳೆಯೋ ದೃಶ್ಯ ನಿಜವಾಗಿ ನಡೆದದ್ದಾ?’ ನಾನು, ‘ಇಂಪ್ರೊವೈಸೇಷನ್‌ನಲ್ಲಿ ಹಾಗೇ ಬಂತು’ ಅಂದೆ. ಅಕ್ಕ ಅಲ್ಲೇ ಇದ್ದಳು.

ರಾತ್ರಿ ಅವಳನ್ನು ಸ್ಕೂಟರಿನಲ್ಲಿ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಬಿಡೋಕೆ ಹೋದೆ. ದಾರಿಯುದ್ದಕ್ಕೂ ಮಾತಿಲ್ಲ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಕಾಫಿ ಕುಡಿಯುತ್ತಾ ಅವಳೇ ಶುರು ಮಾಡಿದಳು.

‘ಹೂವು ಫ್ರಿಜ್ಜಿಗಿಟ್ಟಿದ್ದು ನಾನಲ್ಲ ಕಣೋ.’

‘ಅಂದ್ರೆ?’

‘ನಾನು ಕಸದ ಬುಟ್ಟಿಗೆ ಹಾಕ್ತಿದ್ದೆ. ಅಮ್ಮ ತೆಗೆದು, ತೊಳೆದು, ಫ್ರಿಜ್ಜಿಗಿಡ್ತಿದ್ದರು. ಪ್ರತಿ ಸಲ. ನಾನು ಎಸೆಯೋದು, ಅಮ್ಮ ತೆಗೆಯೋದು. ನಮ್ಮಿಬ್ಬರ ಮಧ್ಯೆ ಅದರ ಬಗ್ಗೆ ಒಂದು ಮಾತೂ ಇರ್ಲಿಲ್ಲ. ನೀನು ಅಷ್ಟು ಹೊತ್ತಿಗೆ ಹೆಡ್‌ಫೋನ್ ಹಾಕ್ಕೊಂಡಿರ್ತಿದ್ದೆ ಅನ್ಸುತ್ತೆ.’

ನಾನು ಸುಮ್ಮನಿದ್ದೆ.

‘ನೀನು ತೋರಿಸಿದ ಹುಡುಗಿ ತುಂಬಾ ಪಾಪದವಳು. ನಾನು ಪಾಪದವಳಾಗಿರ್ಲಿಲ್ಲ. ನನಗೆ ಸಿಟ್ಟು ಬರ್ತಿತ್ತು. ತಟ್ಟೆ ಅಷ್ಟು ನಿಧಾನ ತೊಳೀತಿದ್ದದ್ದು ಯಾಕೆ ಗೊತ್ತಾ? ಬೇಗ ತೊಳೆದರೆ ಹಾಲಿಗೆ ಹೋಗಬೇಕಲ್ಲ, ಅಪ್ಪನ ಮುಖ ನೋಡಬೇಕಲ್ಲ. ಕೇಳಿದ್ರೆ ಹೇಳ್ತಿದ್ದೆ.’

ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ, ಅರ್ಧ ನಗುತ್ತಾ ಅಂದಳು: ‘ಆಗ ಒಂದು ತಟ್ಟೆ ಒರೆಸಿಕೊಡ್ಲಿಲ್ಲ, ಈಗ ಎಷ್ಟು ಚೆನ್ನಾಗಿ ತೊಳೀತೀಯ.’

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ಮ್ಯಾನೇಜರ್ ಎರಡು ಸಲ ಹೆಸರು ಕರೆದ ಮೇಲೆ ಮ್ಯೂಟ್ ತೆಗೆದೆ. ನನಗೆ ಚುಚ್ಚುತ್ತಿದ್ದದ್ದು ಅಕ್ಕನ ಕಥೆ ಕದ್ದೆ ಅನ್ನೋದು ಮಾತ್ರ ಅಲ್ಲ. ಕದ್ದದ್ದನ್ನೂ ತಪ್ಪಾಗಿ ಕದ್ದಿದ್ದೆ. ಅರ್ಧ ಬಾಗಿಲಿಂದ ಕಂಡದ್ದಕ್ಕೆ ನನ್ನದೇ ಕರುಣೆ ಬೆರೆಸಿ, ಅಕ್ಕನನ್ನು ನನಗೆ ಬೇಕಾದಷ್ಟು ಮೆತ್ತಗೆ ಮಾಡಿದ್ದೆ. ಮೂವತ್ತು ಜನ ಉಸಿರು ಬಿಗಿಹಿಡಿದದ್ದು ಆ ಸುಳ್ಳಿಗೆ.

ಆ ವಾರ ನಿರ್ದೇಶಕಿ ನಮಗೆ ಇನ್ನೊಬ್ಬ ಎಂಜಿನಿಯರ್ ಕಥೆ ಹೇಳಿದರು. ಬ್ರೆಜಿಲ್ಲಿನ ಅಗಸ್ಟೊ ಬೋಲ್. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್, ಆದದ್ದು ನಾಟಕಕಾರ. ಅಲ್ಲಿನ ಸೇನಾ ಸರ್ಕಾರ ಅವರನ್ನು ಬಂಧಿಸಿ, ಚಿತ್ರಹಿಂಸೆ ಕೊಟ್ಟಿತು. ದೇಶ ಬಿಟ್ಟ ಬೋಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಕೆಲಸ ಮಾಡಿದರು. ಅಲ್ಲಿ ಗಂಡನಿಂದ ಮೋಸ ಹೋದ ಹೆಂಗಸೊಬ್ಬಳ ಸಂಕಟವನ್ನು ನಾಟಕ ಮಾಡಿ, ಅವಳು ಏನು ಮಾಡಬೇಕು ಅಂತ ನೋಡುವವರನ್ನೇ ಕೇಳಿದರು. ಒಬ್ಬ ದಪ್ಪನೆಯ ಹೆಂಗಸು, ‘ಅವನ ಜೊತೆ ಸ್ಪಷ್ಟವಾಗಿ ಮಾತಾಡಬೇಕು’ ಅಂದರು. ನಟರು ಸ್ಪಷ್ಟವಾಗಿ ಮಾತಾಡಿ ತೋರಿಸಿದರು. ‘ಹಾಗಲ್ಲ’ ಅಂದರು ಆಕೆ. ಮತ್ತೆ ಮಾಡಿದರು. ಮತ್ತೂ ‘ಹಾಗಲ್ಲ’. ಕೊನೆಗೆ ಬೋಲ್, ನೀವೇ ಬಂದು ಮಾಡಿ ತೋರಿಸಿ ಅಂದರು. ಆಕೆ ಎದ್ದು ಬಂದು, ಪೊರಕೆ ತಗೊಂಡು, ಗಂಡನ ಪಾತ್ರದವನಿಗೆ ನಾಲ್ಕು ಬಾರಿಸಿದರು. ‘ಸ್ಪಷ್ಟವಾಗಿ ಮಾತಾಡೋದು’ ಅಂದರೆ ಅವರ ಪ್ರಕಾರ ಅದು!

ನೋಡುವವರೇ ನಾಟಕ ನಿಲ್ಲಿಸಿ, ಒಳಗೆ ಬಂದು ಬದಲಾಯಿಸುವ ಫೋರಂ ಥಿಯೇಟರ್ ಅನ್ನೋ ಪದ್ಧತಿ ಬೆಳೆದದ್ದಕ್ಕೆ ಬೋಲ್ ಈ ಘಟನೆಯನ್ನೇ ನೆನೆಯುತ್ತಿದ್ದರು. ಅವರವರ ನೋವಿನ ನಿಜವಾದ ರೂಪ ಏನು ಅಂತ ಹೊರಗಿನ ನಟನಿಗೆ ಎಷ್ಟೇ ಒಳ್ಳೆ ಮನಸ್ಸಿದ್ದರೂ ಗೊತ್ತಾಗಲ್ಲ. ನಮ್ಮಕ್ಕ ಪೊರಕೆ ತಗೊಳ್ಳಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೇಳಿದಳು, ಅಷ್ಟೇ ವ್ಯತ್ಯಾಸ.

ತಂಡದಲ್ಲಿ ದೊಡ್ಡ ಜಗಳವಾಯಿತು. ಬದುಕಿರೋ ಮನುಷ್ಯರ ಕಥೆ ತಗೊಂಡರೆ ಮೊದಲು ಅವರನ್ನು ಕೇಳಬೇಕು, ಬೇಡ ಅಂದರೆ ಬಿಡಬೇಕು ಅಂತ ನಾನು. ‘ಹಾಗಾದ್ರೆ ಯಾರೂ ಏನೂ ಬರೆಯೋಕಾಗಲ್ಲ. ಸಮುದಾಯದವರು ‘ಬೆಲ್ಚಿ’ ಆಡುವಾಗ ಜನರನ್ನು ಸುಟ್ಟ ಜಮೀನ್ದಾರರ ಪರ್ಮಿಷನ್ ಕೇಳಿದ್ರಾ?’ ಅಂತ ಗೆಳೆಯನೊಬ್ಬ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟ ಘಟನೆ ಮೇಲಿನ ಬೀದಿ ನಾಟಕ ಅದು. ಅವನ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಈಗಲೂ ಪೂರ್ತಿ ಉತ್ತರ ಇದೆ ಅಂತ ಹೇಳಲ್ಲ. ಆದರೆ ನನಗೆ ಅನ್ನಿಸೋದು ಇಷ್ಟು: ತುಳಿದವನ ಬಗ್ಗೆ ನಾಟಕ ಮಾಡೋಕೆ ಅವನ ಒಪ್ಪಿಗೆ ಬೇಡ. ನನ್ನ ಮ್ಯಾನೇಜರನ್ನು ಅಣಕಿಸೋಕೆ ನಾನು ಮೇಲ್ ಕಳಿಸಿ ಅಪ್ರೂವಲ್ ತಗೊಳ್ಳಲ್ಲ. ಆದರೆ ಮನೆಯವರು ನನ್ನನ್ನು ನಂಬಿ, ಬಾಗಿಲು ಮುಚ್ಚದೆ ಬಿಟ್ಟಿರ್ತಾರಲ್ಲ, ಆ ಬಾಗಿಲಿಂದ ಕಂಡದ್ದಕ್ಕೆ ಬೇರೆ ನಿಯಮ ಬೇಕು.

ಕೊನೆಗೆ ಐದು ಜನ ಒಪ್ಪಿದೆವು. ಅವನು ತಂಡ ಬಿಟ್ಟ. ಒಳ್ಳೇ ನಟ, ಈಗಲೂ ಬೇಜಾರಿದೆ. ಎಲ್ಲರೂ ತಮ್ಮ ತಮ್ಮ ಮನೆಗೆ ಫೋನ್ ಮಾಡಿದರು. ಒಬ್ಬಳ ಅತ್ತೆ ಖುಷಿಯಿಂದ ಇನ್ನೂ ನಾಲ್ಕು ಕಥೆ ಹೇಳಿದರಂತೆ. ಇಬ್ಬರ ಮನೆಯಲ್ಲಿ ಬೇಡ ಅಂದರು. ಎರಡು ದೃಶ್ಯ ಹೋದವು, ಅದರಲ್ಲೊಂದು ತುಂಬಾ ಚೆನ್ನಾಗಿತ್ತು. 70 ನಿಮಿಷದ ನಾಟಕ 48 ನಿಮಿಷಕ್ಕೆ ಇಳೀತು. ‘ಇನ್ನೂರು ರೂಪಾಯಿಗೆ ಇಷ್ಟೇನಾ?’ ಅಂತ ಒಬ್ಬರು ಕೇಳಿಯೂ ಕೇಳಿದರು.

ಅಕ್ಕನಿಗೆ ಫೋನ್ ಮಾಡೋದು ಎಲ್ಲಕ್ಕಿಂತ ಕಷ್ಟ ಇತ್ತು. ಸಾರಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದೃಶ್ಯ ಇಟ್ಕೋ. ಆದರೆ ಸರಿಯಾಗಿ ಮಾಡು. ಮತ್ತೆ ತಟ್ಟೆ ಅಮ್ಮನಿಗೆ ವಾಪಸ್ ಕೊಡು’ ಅಂದಳು. ಇನ್ನೊಂದು ವಿಷಯ ತೆಗೆಯೋಕೆ ಹೇಳಿದಳು, ಅದನ್ನು ಇಲ್ಲೂ ಬರೆಯಲ್ಲ. ಅವಳಿಗೆ ಮದುವೆ ಆಯ್ತಾ, ಇಲ್ವಾ ಅಂತ ನಿಮಗೆ ಕುತೂಹಲ ಇರುತ್ತೆ ಅಂತ ಗೊತ್ತು. ‘ಅದನ್ನ ಬರೀಬೇಡ’ ಅಂದಿದ್ದಾಳೆ.

ಹೊಸ ದೃಶ್ಯದಲ್ಲಿ ಇಬ್ಬರಿದ್ದೇವೆ. ನಾನು ತಟ್ಟೆ ತೊಳೀತೀನಿ, ಈ ಸಲ ಸ್ವಲ್ಪ ಸಿಟ್ಟಿನಲ್ಲಿ, ಬೇಕಂತಲೇ ನಿಧಾನವಾಗಿ. ಹೂವು ಎಸೀತೀನಿ. ಅಮ್ಮನಾಗಿರೋ ಗೆಳತಿ ಬಂದು ಅದನ್ನು ತೆಗೆದು, ಅದೇ ನೀರಿನಲ್ಲಿ ಅಲ್ಲ, ಬೇರೆ ನೀರಿನಲ್ಲಿ ತೊಳೆದು ಇಡ್ತಾಳೆ. ‘ಅಮ್ಮ ಎಂಜಲು ನೀರಲ್ಲಿ ತೊಳೀತಾರಾ?’ ಅಂತ ಅಕ್ಕನೇ ತಿದ್ದಿದ್ದು. ಮೂರು ನಿಮಿಷದ ದೃಶ್ಯ. ಮೊದಲಿನ ಹಾಗೆ ಎಲ್ಲರೂ ಉಸಿರು ಬಿಗಿಹಿಡಿಯಲ್ಲ. ಒಂದೊಂದು ಸಲ ಯಾರೋ ನಗ್ತಾರೆ. ಒಂದು ದಿನ ಒಬ್ಬ ಹೆಂಗಸು, ‘ನಮ್ಮಮ್ಮನೂ ಹೀಗೇ’ ಅಂತ ಜೋರಾಗಿ ಅಂದುಬಿಟ್ಟರು. ನಾಟಕದ ಮಧ್ಯದಲ್ಲೇ.

ನೀವೂ ಇಂಥ ನಾಟಕ ನೋಡೋಕೆ ಹೋಗಿ. ಎರಡು ಮಾತು ಮಾತ್ರ. ಟೈಮಿಗೆ ಮುಂಚೆ ಹೋಗಿ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡಲ್ಲ. ಚಿಕ್ಕ ಕೋಣೆಗಳಲ್ಲಂತೂ ಬಾಗಿಲು ತೆರೆದರೆ ನಟನ ಬೆನ್ನಿಗೇ ತಗುಲುತ್ತೆ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ಆಫ್ ಮಾಡಿ. ಆ ಬೆಳಕು ನಿಮಗಿಂತ ಮೊದಲು ನಮ್ಮ ಕಣ್ಣಿಗೆ ಬೀಳುತ್ತೆ. ಮುಗಿದ ಮೇಲೆ ಏನಾದರೂ ತಪ್ಪು ಅನ್ನಿಸಿದರೆ ಹೇಳಿ. ಅಲ್ಲಿ ಆಗದಿದ್ದರೆ ಬಸ್ ಸ್ಟ್ಯಾಂಡಿನಲ್ಲಾದರೂ.

ತಟ್ಟೆಗಳು ಮನೆಗೆ ವಾಪಸ್ ಹೋದವು. ನಾಟಕಕ್ಕೆ ಈಗ ಬೇರೆ ತಟ್ಟೆ ಇವೆ. ದೀಪಾವಳಿಗೆ ಎಲ್ಲರೂ ಊರಲ್ಲಿ ಸೇರಿದಾಗ ಅಮ್ಮ ಅದೇ ನೀಲಿ ಹೂವಿನ ತಟ್ಟೆಗಳಲ್ಲಿ ಉಪ್ಪಿಟ್ಟು ಹಾಕಿಕೊಟ್ಟರು. ತಿಂದಾದ ಮೇಲೆ ನಾನು ಸಿಂಕಿನ ಮುಂದೆ ನಿಂತೆ. ಅಕ್ಕ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

‘ಲೋ, ಇಲ್ಲಿ ಯಾರೂ ಟಿಕೆಟ್ ತಗೊಂಡಿಲ್ಲ. ಬೇಗ ಬೇಗ ತೊಳಿ.’